ಗುಡಾಣದೊಳಗಿನ ದೋಣಿ

ನಮ್ಮ ಭಾವ ತಿಮ್ಮರಾಜು ಮೈಸೂರಿನಲ್ಲಿ ವಿಡಿಯೋ ಗೇಮು ಕೊಂಡ ದಿನ ಅದನ್ನು ನೆಟ್ಟಗೆ ಪಾಂಡವಪುರದ ಮನೆಗೆ ತರಲಿಲ್ಲ. ನಡುವೆ ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು, ಜಟಕಾ ಹತ್ತಿ ಗಂಜಾಂಗೆ ಹೋಗಿ, ನಿಮಿಷಾಂಬ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡೇ ತಂದರು. ಹೊಸ ಸ್ಕೂಟರು, ಹೊಸ ಟ್ರಾಕ್ಟರು ಕೊಂಡವರು ಅಲ್ಲಿಗೆ ಹೋಗುವುದುಂಟು. ಭಾವನ ಪ್ರಕಾರ ಇದೂ ಒಂದು ಗಾಡಿಯೇ. ಜೊತೆಯಲ್ಲಿ ನಾನಿದ್ದೆ. ಗುರುತಿನವರು ಯಾರಾದರೂ ನೋಡಿಬಿಟ್ಟಾರೆಂದು ಕಂಬದ ಮರೆಗೆ ನಿಂತಿದ್ದೆ.

"ಏನಪ್ಪ ಇದು, ಮಿಕ್ಸಿನಾ?" ಎಂದು ಅರ್ಚಕರು ಕೇಳಿದರು.

"ಅಲ್ಲ ಸ್ವಾಮಿ, ಆಟ. ಟಿವಿಗೆ ಹಾಕಿ ಆಡೋದು."

"ಆಟಕ್ಕೆ ನಾನೇನು ಮಂತ್ರ ಹೇಳ್ಲಿ?"

"ಗಾಡಿಗೆ ಏನ್ ಹೇಳ್ತೀರೋ ಅದ್ನೇ ಹೇಳ್ಬುಡಿ ಸ್ವಾಮಿ. ಇದ್ರೊಳ್ಗೂ ಒಬ್ಬ ಓಡ್ತಾನೆ."

ಅರ್ಚಕರು ಒಳ್ಳೆಯವರು, ಜನ ನೋಡಿದವರು. ಸೆಟ್ಟಿಗೆ ಹೂವೇರಿಸಿ, ಎರಡು ರಿಮೋಟಿಗೂ ಕುಂಕುಮ ಇಟ್ಟು, ನಿಂಬೆಹಣ್ಣು ಕೊಟ್ಟು ಕಳಿಸಿದರು. ಭಾವ ಹೊರಗೆ ಬಂದು ನಿಂಬೆಹಣ್ಣನ್ನು ನೆಲಕ್ಕಿಟ್ಟು ಅದರ ಮೇಲೆ ವಿಡಿಯೋ ಗೇಮಿನ ಡಬ್ಬಿ ಹರಿಸಲು ನೋಡಿದರು. ಡಬ್ಬಿಗೆ ಚಕ್ರವಿಲ್ಲ, ನಿಂಬೆಹಣ್ಣು ಜಗ್ಗಲಿಲ್ಲ. ಕೊನೆಗೆ ಡಬ್ಬಿಯ ಮೇಲೆ ಕೂರಲು ಹೊರಟಾಗ ನಾನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಇದು ತೊಂಬತ್ತಾರರ ಸುಮಾರಿನ ಮಾತು. ನಾನು ದಿಲೀಪ, ಸಿಂಧಘಟ್ಟದವನು. ಅಕ್ಕನ ಮನೆಯ ಬೀದಿಕಡೆಯ ಕೋಣೆಯಲ್ಲಿ ಎಸ್‌ಟಿಡಿ ಬೂತು ಇಟ್ಟುಕೊಂಡು, ಅಕ್ಕನ ಕೈಯ ಊಟ ಮಾಡಿಕೊಂಡು ಹಾಯಾಗಿದ್ದೆ. ಭಾವ ಸೊಸೈಟಿಯ ಗೋಡೌನಿನಲ್ಲಿ ಗುಮಾಸ್ತರು. ಅವರ ಒಬ್ಬಳೇ ಮಗಳು ಅರ್ಪಿತ ಆರನೇ ಕ್ಲಾಸು. ಪಕ್ಕದ ಮನೆಯಲ್ಲಿ ಲಾರಿ ಇಟ್ಟುಕೊಂಡಿದ್ದ ಜಹೀರುದ್ದೀನರ ಮಗಳು ಶಾಜಿಯಾ ಅವಳ ಜೊತೆಗಾತಿ. ಒಬ್ಬಳಿದ್ದಲ್ಲಿ ಇನ್ನೊಬ್ಬಳು ಇದ್ದೇ ಇರುತ್ತಿದ್ದಳು.

ಸೆಟ್ಟಿನ ಜೊತೆಗೇ ಬಂದ ಕ್ಯಾಸೆಟ್ಟಿನಲ್ಲಿ ಒಬ್ಬ ಕುಳ್ಳನಿದ್ದ. ತಲೆಗೆ ರುಮಾಲು, ಕೈಯಲ್ಲಿ ಕೊಡಲಿ. ಅವನು ಕಾಡು ದಾಟಿ, ಗುಹೆ ದಾಟಿ, ಕೊನೆಗೊಂದು ಮುರುಕು ಸೇತುವೆ ದಾಟಿದರೆ ಆಟ ಮುಗಿಯಿತು. ಆದರೆ ಸೇತುವೆ ಮುಟ್ಟುವುದಕ್ಕೇ ಮುಕ್ಕಾಲು ಗಂಟೆ ಬೇಕು. ಇವತ್ತು ನಿಲ್ಲಿಸಿ ನಾಳೆ ಅಲ್ಲಿಂದಲೇ ಶುರು ಮಾಡುವ ಹಾಗಿರಲಿಲ್ಲ. ಕರೆಂಟು ಹೋಯಿತೋ, ಮತ್ತೆ ಕಾಡಿನ ಮೊದಲ ಮರ. ನಮ್ಮ ಬೀದಿಯ ಕರೆಂಟಿಗೂ ಆ ಸೇತುವೆಗೂ ಅದೇನು ಹಗೆತನವೋ, ಕುಳ್ಳ ಅಲ್ಲಿಗೆ ಕಾಲಿಡುತ್ತಲೂ ದೀಪ ಹೋಗುತ್ತಿತ್ತು. ಹೋಗದಿದ್ದ ದಿನ ಕುಳ್ಳನೇ ನೀರಿಗೆ ಬೀಳುತ್ತಿದ್ದ.

ಆದರೂ ಎಷ್ಟು ಸೊಗಸಾಗಿದ್ದವು ಆ ಸಂಜೆಗಳು! ಚಿಕ್ಕ ಕಪ್ಪು-ಬಿಳುಪು ಟಿವಿ, ಅದರ ಮೇಲೆ ಅಕ್ಕ ಹಾಕಿದ ಕಸೂತಿ ಬಟ್ಟೆ. ಕ್ಯಾಸೆಟ್ಟು ಹಾಕುವ ಮೊದಲು ಅದರ ತಳದ ಸೀಳಿಗೆ ಬಾಯಿಟ್ಟು 'ಉಫ್' ಎಂದು ಊದಲೇಬೇಕು. ಹಾಗೇಕೆ ಊದಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಊದದೆ ಹಾಕಿದವರೂ ಯಾರೂ ಇರಲಿಲ್ಲ. ಇಬ್ಬರು ಹುಡುಗಿಯರೂ ಚಾಪೆಯ ಮೇಲೆ ಕೂತು, ಒಬ್ಬಳು ಸತ್ತರೆ ಇನ್ನೊಬ್ಬಳು ಎಂದು ರಿಮೋಟು ಬದಲಾಯಿಸಿಕೊಳ್ಳುತ್ತಿದ್ದರು. ಕುಳ್ಳನ ಆಟಕ್ಕೆ ಒಂದೇ ರಿಮೋಟು ಸಾಕು. ಎರಡನೆಯದು ಕುಂಕುಮ ಹೊತ್ತು, ವೈರು ಸುತ್ತಿಕೊಂಡು ಡಬ್ಬಿಯಲ್ಲೇ ಮಲಗಿತ್ತು.

ಇಷ್ಟಕ್ಕೇ ಭಾವ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಗೌರಿಹಬ್ಬಕ್ಕೆ ಬಟ್ಟೆ ತರಲೆಂದು ಮೈಸೂರಿಗೆ ಹೋದವರು ಒಂದು ಹೊಸ ಕ್ಯಾಸೆಟ್ಟು ತಂದರು. ಡಬ್ಬಿಯ ಮೇಲೆ ಒಂದು ದೋಣಿಯ ಚಿತ್ರ. ಅದರಲ್ಲಿ ಇಬ್ಬರು, ಇಬ್ಬರ ಕೈಯಲ್ಲೂ ಒಂದೊಂದು ಹುಟ್ಟು. ಒಬ್ಬರೇ ಹುಟ್ಟು ಹಾಕಿದರೆ ದೋಣಿ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ, ಇಬ್ಬರೂ ಕೂಡಿ ಹಾಕಿದರೆ ಮಾತ್ರ ಮುಂದಕ್ಕೆ ಹೋಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಹುಡುಗಿಯರು ಚಿತ್ರ ನೋಡಿದವರೇ ಕೆಂಪು ಅಂಗಿಯವಳು ಶಾಜಿಯಾ, ಹಸಿರು ಅಂಗಿಯವಳು ಅರ್ಪಿತ ಎಂದು ಹಂಚಿಕೊಂಡುಬಿಟ್ಟರು.

"ಈಗ್ಲೇ ಹಾಕಪ್ಪಾ!" ಎಂದಳು ಅರ್ಪಿತ.

"ಊಹೂಂ. ಕುಳ್ಳ ಸೇತುವೆ ದಾಟ್ಲಿ, ಆಮೇಕೆ ದೋಣಿ."

ಭಾವನ ಈ ಹಟಕ್ಕೆ ಎರಡು ಕಡೆಯಿಂದ ಬಲವಿತ್ತು. ಗೋಡೌನಿನಲ್ಲಿ ಹಳೇ ಮೂಟೆ ಹೊರಗೆ ಹೋಗದೆ ಹೊಸ ಮೂಟೆಗೆ ಕೈ ಹಚ್ಚುವಂತಿಲ್ಲ. ಮನೆಯಲ್ಲಿ ಅವರ ತಾಯಿ ಜಯಲಕ್ಷ್ಮಮ್ಮನವರು ಹೋದ ವರ್ಷದ ರಾಗಿ ಮುಗಿಯದೆ ಈ ವರ್ಷದ ರಾಗಿಯನ್ನು ಬೀಸುವ ಕಲ್ಲಿಗೆ ತಂದವರೇ ಅಲ್ಲ. ಆ ಕಾರಣಕ್ಕೇ ಆ ಮನೆಯಲ್ಲಿ ಹೊಸ ರಾಗಿಯ ಮುದ್ದೆ ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಸಿಂಧಘಟ್ಟದಲ್ಲಿ ಕಣದಿಂದಲೇ ತಂದ ರಾಗಿ ತಿಂದು ಬೆಳೆದ ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಸರಿ, ಮುಗಿಯುವವರೆಗೆ ಹೊಸದು ಕೊಳ್ಳಬೇಡಿ ಎಂದರೆ ಅದೂ ಇಲ್ಲ. ದಸರೆಗೆ ಒಂದು ತಂದರು, ಸಂಕ್ರಾಂತಿಗೆ ಒಂದು, ಯುಗಾದಿಗೆ ಒಂದು. ನಡುವೆ ಹಲ್ಲು ಕೀಳಿಸಲು ಮೈಸೂರಿಗೆ ಹೋದಾಗ, ಬಾಯಲ್ಲಿ ಹತ್ತಿಯಿದ್ದರೂ, ಎರಡು ತಂದರು. ಆ ಅಂಗಡಿಯವನ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಇದೇ ಕೊನೇ ಪೀಸು ಸಾರ್." ಆ ಮಾತು ಕೇಳಿದರೆ ಭಾವನಿಗೆ ಎದೆ ಹಿಂಡಿದಂತಾಗುತ್ತಿತ್ತು.

"ಆಡೋದು ಒಂದು, ತರೋದು ಮಂಕರಿ ತುಂಬ. ಇದ್ಯಾವ ನ್ಯಾಯ ಭಾವ?" ಎಂದೆ.

"ನಿಂಗೆ ಗೊತ್ತಾಗಾಕಿಲ್ಲ ಕಣ್ಲಾ ದಿಲೀಪ. ನಾಳೆ ಅವ್ನು ಅಂಗ್ಡಿ ಬಾಗ್ಲು ಹಾಕ್ಬುಟ್ರೆ? ಮಾಡೋರು ಮಾಡೋದೇ ನಿಲ್ಲಿಸ್ಬುಟ್ರೆ? ಮನೇಲಿ ಒಸಿ ದಾಸ್ತಾನಿದ್ರೆ ಮನ್ಸಿಗೆ ನೆಮ್ದಿ."

ಈ ನೆಮ್ಮದಿಯನ್ನು ಇಡುವುದೆಲ್ಲಿ? ಹಿತ್ತಲ ಕೋಣೆಯಲ್ಲಿ ಬೀಜದ ಅವರೆ ತುಂಬುವ ಮಣ್ಣಿನ ಗುಡಾಣವೊಂದು ಆ ವರ್ಷ ಖಾಲಿ ಇತ್ತು. ಭಾವ ಕ್ಯಾಸೆಟ್ಟುಗಳನ್ನು ಅದರೊಳಗೆ ಇಳಿಸಿದರು. ಮೊದಲು ತಂದ ದೋಣಿ ತಳಕ್ಕೆ, ಅದರ ಮೇಲೆ ದಸರೆ, ಅದರ ಮೇಲೆ ಸಂಕ್ರಾಂತಿ. ಜಯಲಕ್ಷ್ಮಮ್ಮನವರು ಬಗ್ಗಿ ನೋಡಿದರು.

"ಅಲ್ಲ ಕಣ್ಲಾ ತಿಮ್ಮ, ವರ್ಸಗಟ್ಲೆ ಮಡಗ್ತೀನಿ ಅಂತೀಯ. ಹುಳ ಬೀಳಾಕಿಲ್ವಾ?"

ಭಾವ ಪೇಪರು ಓದುತ್ತಿದ್ದರು. ತಲೆ ಎತ್ತದೆ, "ಬೀಳ್ದಂಗೆ ಮಡಗವ್ವ," ಎಂದರು.

ಆಕೆ ಹಾಗೆಯೇ ಇಟ್ಟರು. ಒಂದೊಂದು ಡಬ್ಬಿಯನ್ನೂ ಬಿಚ್ಚಿ, ಕ್ಯಾಸೆಟ್ಟಿನ ತಳದಲ್ಲಿ ಬಾಯಿ ಇರುವುದನ್ನು ಕಂಡು, ಹುಳ ಹೋಗುವುದಾದರೆ ಇಲ್ಲಿಂದಲೇ ಎಂದು ತೀರ್ಮಾನಿಸಿ, ಒಲೆಯ ಬೂದಿಯನ್ನು ಜರಡಿ ಹಿಡಿದು ಆ ಬಾಯಿಗೆ ತುಂಬಿ ಹೆಬ್ಬೆರಳಲ್ಲಿ ಒತ್ತಿದರು. ಪದರಕ್ಕೊಂದು ಹಿಡಿ ಬೇವಿನ ಸೊಪ್ಪು ಹಾಕಿದರು. ಕೊನೆಗೆ ಗುಡಾಣಕ್ಕೆ ಮುಚ್ಚಳವಿಟ್ಟು ಸುತ್ತ ಸಗಣಿ ಮೆತ್ತಿದರು. ಅವರು ಹಾಗಿಟ್ಟ ಅವರೆ ಮೂರು ವರ್ಷದ ಮೇಲೂ ಮೊಳೆತದ್ದುಂಟು, ಆ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಮರುವರ್ಷದ ಬೇಸಿಗೆ ರಜೆಯಲ್ಲಿ ಜಹೀರುದ್ದೀನರ ಹೆಂಡತಿ ಫಕ್ರುನ್ನೀಸಾ ನಮ್ಮಕ್ಕನ ಹತ್ತಿರ ಬಂದು ಕೂತರು. ನಾಗಮಂಗಲದಲ್ಲಿ ಜಹೀರುದ್ದೀನರ ಅಣ್ಣ ಲಾರಿ ಆಫೀಸು ತೆರೆದಿದ್ದರು, ತಮ್ಮನನ್ನೂ ಕರೆಯುತ್ತಿದ್ದರು.

"ಸ್ಕೂಲ್ ಶುರು ಆಗೋದ್ರೊಳಗೆ ಹೋಗ್ಬಿಡ್ತೀವಿ ಅಕ್ಕಾ, ಇನ್ಶಾ ಅಲ್ಲಾ. ಎಲ್ಲಾ ಬಿಟ್ಟು ಹೋಗ್ಬಹುದು. ಈ ಹುಡ್ಗೀರ್ನ ಹೆಂಗೆ ಬೇರೆ ಮಾಡೋದೋ ಗೊತ್ತಾಗ್ತಿಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಚಾಪೆಯ ಮೇಲೆ ಕೂತಿದ್ದ ಹುಡುಗಿಯರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂದಿನಿಂದ ಅವರಿಗಿದ್ದ ಆಸೆ ಒಂದೇ. ಹೋಗುವುದರೊಳಗೆ ಒಂದು ಸಲ ಇಬ್ಬರೂ ಕೂಡಿ ಆ ದೋಣಿ ನಡೆಸಬೇಕು.

"ಅಪ್ಪಾ, ದೋಣಿ ತೆಗ್ದುಕೊಡಪ್ಪ. ಒಂದೇ ಒಂದ್ಸಲ."

"ಕುಳ್ಳ ದಾಟ್ಲಿ ಮಗ. ಅದ್ನ ಅರ್ಧಕ್ಕೆ ಬುಟ್ಟು ಇದಕ್ಕೆ ಕೈ ಹಾಕೋದು, ಎಲೇಲಿ ಅನ್ನ ಬುಟ್ಟು ಪಾಯ್ಸಕ್ಕೆ ಕೈ ಒಡ್ದಂಗೆ."

"ಅವ್ನು ದಾಟಾಕಿಲ್ಲ ಅಪ್ಪಾ!"

"ದಾಟ್ತಾನೆ. ನಂಬ್ಕೆ ಇರ್ಬೇಕು."

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ? ಭಾವ ಕೆಟ್ಟವರಲ್ಲ, ಮಗಳೆಂದರೆ ಪ್ರಾಣ. ಆ ಕ್ಯಾಸೆಟ್ಟುಗಳನ್ನೆಲ್ಲ ತಂದದ್ದೂ ಅವಳಿಗೇ. ಆದರೆ ಅವಳು ಮುಂದೆಂದೋ ಆಡುವುದನ್ನು ನೆನೆಸಿಕೊಂಡು ಹಿಗ್ಗುತ್ತಾ, ಈಗ ಎದುರಿಗೆ ನಿಂತು ಗೋಗರೆಯುವವಳನ್ನು ನೋಡದೇ ಹೋದರು. ಹುಡುಗಿಯರು ಹಟ ಹಿಡಿದು ಕುಳ್ಳನನ್ನು ಬೆಳಿಗ್ಗೆ ಓಡಿಸಿದರು, ಮಧ್ಯಾಹ್ನ ಓಡಿಸಿದರು. ಬೇಸಿಗೆಯ ಕರೆಂಟು, ಕೇಳಬೇಕೆ? ಕುಳ್ಳ ಸೇತುವೆಯ ನಡುವಿಗೂ ಹೋಗಲಿಲ್ಲ.

ಈ ನಡುವೆ ಎದುರು ಮನೆಯ ಸೋಮಮ್ಮ ಬೆಂಕಿ ಕೇಳಲು ಬಂದವಳು ಹಿತ್ತಲ ಕೋಣೆಯಲ್ಲಿ ಜಯಲಕ್ಷ್ಮಮ್ಮನವರು ಬಿರುಕು ಬಿಟ್ಟ ಗುಡಾಣದ ಬಾಯಿಗೆ ಮತ್ತೆ ಸಗಣಿ ಮೆತ್ತುವುದನ್ನು ಕಂಡಳು.

"ಅವರೆ ಇಲ್ದಿರೋ ಕಾಲ್ದಲ್ಲಿ ಅದೇನಕ್ಕಾ ಮಡಗ್ತಿದ್ದೀಯ?"

"ತಿಮ್ಮ ತಂದವ್ನೆ ಕಣೆ. ಮುಂದಕ್ಕೆ ಸಿಕ್ಕಾಕಿಲ್ವಂತೆ. ಅದ್ಕೇ ಮಡಗವ್ನೆ."

ಸೋಮಮ್ಮ ಬೆಂಕಿ ಮರೆತು ನನ್ನ ಬೂತಿಗೆ ಬಂದಳು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಹತ್ತಿರ ಟೀ ಅಂಗಡಿ ಇಟ್ಟಿದ್ದ ತನ್ನಣ್ಣ ಚಿಕ್ಕಮಾದಯ್ಯನಿಗೆ ಫೋನು ಹಚ್ಚಿದಳು.

"ಅಣ್ಣಾ, ಎದ್ರುಮನೆ ಗೋಡೌನ್ ಗುಮಾಸ್ತ ಗುಡಾಣದ ತುಂಬ ಏನೋ ತುಂಬ್ಕತಾವ್ನೆ! ಮುಂದಕ್ಕೆ ಸಿಕ್ಕಾಕಿಲ್ವಂತೆ! ಗೋಡೌನ್ ಬೀಗದ ಕೈ ಅವ್ನ ತಾವ್ಲೇ ಅದೆ, ಅವ್ನಿಗೆ ಗೊತ್ತಿಲ್ದೆ ಇರ್ತದಾ?"

ನಾನು ಬಾಯಿ ಹಾಕಲಿಲ್ಲ. ಬೂತಿನವನು ಗಿರಾಕಿಯ ಮಾತು ಕೇಳಿಸಿಕೊಳ್ಳಬಾರದು, ಅದು ನಮ್ಮ ಕಸುಬಿನ ಮರ್ಯಾದೆ. ಟೀ ಅಂಗಡಿಯವನಿಗೆ ಮುಂದಕ್ಕೆ ಸಿಗದೆ ಹೋಗುವುದು ಎಂದರೆ ಸಕ್ಕರೆಯಲ್ಲದೆ ಇನ್ನೇನು ಹೊಳೆದೀತು? ಸಂಜೆಯಾಗುವುದರೊಳಗೆ ಕೆ.ಆರ್.ಪೇಟೆಯಿಂದ ನನ್ನ ಬೂತಿಗೇ ಫೋನು ಬಂತು. ಪಾಂಡವಪುರದಲ್ಲಿ ಯಾವನೋ ಗುಮಾಸ್ತ ನೆಲಮಾಳಿಗೆ ತೋಡಿಸಿ ಸಕ್ಕರೆ ತುಂಬಿದ್ದಾನಂತೆ, ನಿಜವೇ ಎಂದು ಕೇಳಿದರು. ಗುಮಾಸ್ತನ ಮನೆಯಿಂದಲೇ ನಾನು ಉತ್ತರ ಹೇಳಬೇಕಾಯಿತು.

ಮರುದಿನ ಸೊಸೈಟಿಯ ಮುಂದೆ ಚೀಲ ಹಿಡಿದ ಜನರ ಸಾಲು ಬಸ್‌ಸ್ಟ್ಯಾಂಡಿನವರೆಗೂ ಬೆಳೆದಿತ್ತು. ಊಟ ಮುಗಿಸಿ ಹೊರಟ ಭಾವ ಅದನ್ನು ಕಂಡರು. ಎಲ್ಲೋ ಏನೋ ಕೊನೇ ಪೀಸು ಹೋಗುತ್ತಿದೆ ಎಂದು ಅವರಿಗೆ ಅನ್ನಿಸಿರಬೇಕು. ಹಿಂದೆಮುಂದೆ ನೋಡದೆ ಹೋಗಿ ಸಾಲಿನ ಕೊನೆಯಲ್ಲಿ ನಿಂತರು.

"ಏನಪ್ಪಾ ಕೊಡ್ತಾವ್ರೆ?" ಎಂದು ಮುಂದಿನವನನ್ನು ಕೇಳಿದರು.

"ಸಕ್ಕರೆ ಕಣಣ್ಣ. ನಾಳೆಯಿಂದ ಇಲ್ವಂತೆ."

"ಅಯ್ಯಯ್ಯೋ! ಒಸಿ ಬೇಗ ಕೊಡ್ರಪ್ಪಾ ಅನ್ನಿ, ಸಾಲೇ ಮುಂದಕ್ಕೆ ಹೋಗ್ತಿಲ್ವಲ್ಲ!"

ಸಾಲು ಮುಂದಕ್ಕೆ ಹೋಗುವುದಾದರೂ ಹೇಗೆ? ಗೋಡೌನಿಗೆ ಬೀಗ ಹಾಕಿತ್ತು. ಬೀಗದ ಕೈ ಭಾವನ ಸೊಂಟದಲ್ಲಿತ್ತು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು, "ಈ ಗುಮಾಸ್ತ ಎಲ್ಲಿ ಹಾಳಾಗೋದ್ನೋ!" ಎಂದು ಎಲ್ಲರ ಜೊತೆ ತಾವೂ ಬೈದ ಮೇಲೆ ಯಾರೋ ಅವರ ಗುರುತು ಹಿಡಿದರು. ಗುಮಾಸ್ತನೇ ಸಾಲಲ್ಲಿ ನಿಂತ ಎಂದ ಮೇಲೆ ಇನ್ನು ಅನುಮಾನವೆಲ್ಲಿ? ಆ ಸುದ್ದಿ ತಾಲ್ಲೂಕು ಕಚೇರಿಗೂ ಮುಟ್ಟಿತು.

ಅದರ ಮಾರನೆಯ ಬೆಳಿಗ್ಗೆ ಜಹೀರುದ್ದೀನರ ಲಾರಿಗೆ ಸಾಮಾನು ಏರುತ್ತಿತ್ತು. ಒಳಗೆ ಹುಡುಗಿಯರು ಕೊನೆಯ ಸಲ ಕುಳ್ಳನನ್ನು ಓಡಿಸುತ್ತಿದ್ದರು. ಆಡುತ್ತಿದ್ದವಳು ಶಾಜಿಯಾ. ಕಾಡು ದಾಟಿತು, ಗುಹೆ ದಾಟಿತು. ಕುಳ್ಳ ಸೇತುವೆಯ ಮೇಲೆ ಕಾಲಿಟ್ಟ, ನಡುವಿನ ಮುರುಕು ಹಲಗೆ ಹಾರಿದ. ಭಾವ ಉಸಿರು ಬಿಗಿಹಿಡಿದು ನಿಂತಿದ್ದರು, ನಾನೂ ನಿಂತಿದ್ದೆ. ಇನ್ನು ನಾಲ್ಕೇ ಹೆಜ್ಜೆ ಎನ್ನುವಾಗ ಕರೆಂಟು ಹೋಯಿತು.

ಶಾಜಿಯಾ ರಿಮೋಟು ಕೆಳಗಿಟ್ಟಳು. ಅರ್ಪಿತ ಮೊಣಕಾಲಿಗೆ ಮುಖವಿಟ್ಟು ಅಳತೊಡಗಿದಳು. ಭಾವ ಬಾಯಿ ತೆರೆದು ಏನೋ ಹೇಳಹೋದರು, ಆಗ ಬಾಗಿಲಲ್ಲಿ ಜೀಪು ನಿಂತಿತು. ಇಳಿದವರು ಫುಡ್ ಇನ್‌ಸ್ಪೆಕ್ಟರು ಚಿಕ್ಕಸ್ವಾಮಿ. ಅವತ್ತು ತಾನೇ ಇಸ್ತ್ರಿ ಮಾಡಿಸಿದ ಬೆಳ್ಳನೆ ಶರಟು, ಮುಖದಲ್ಲಿ ಸರ್ಕಾರದ ಕಳೆ. ಅವರ ಹಿಂದೆ ಇಡೀ ಬೀದಿ.

"ಏನ್ರೀ ತಿಮ್ಮರಾಜು, ಮನೇಲಿ ದಾಸ್ತಾನು ಮಾಡಿದ್ದೀರಂತೆ?"

"ಹೂಂ ಸಾರ್," ಎಂದರು ಭಾವ, ಹೆಮ್ಮೆಯಿಂದಲೇ. "ಒಂದೈದಾರು ವರ್ಷಕ್ಕೆ ಯೋಚ್ನೆ ಇಲ್ಲ."

ಸಾಹೇಬರು ಬೆಚ್ಚಿಬಿದ್ದರು. ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಅವರು ಸರ್ವೀಸಿನಲ್ಲೇ ಕಂಡಿರಲಿಲ್ಲ. ಗುಡಾಣ ತೋರಿಸಿ ಎಂದರು. ಸಗಣಿ ಕೆತ್ತಿ ಮುಚ್ಚಳ ತೆಗೆದರೆ ಬೇವಿನ ಸೊಪ್ಪು. ಅದರಡಿ ಡಬ್ಬಿಗಳು. ಒಂದನ್ನು ಬಿಚ್ಚಿದರೆ ಬೂದಿ ತುಂಬಿದ ಕರೀ ಪ್ಲಾಸ್ಟಿಕ್ಕು.

"ಸಕ್ಕರೆ ಎಲ್ರೀ?"

"ಯಾವ ಸಕ್ಕರೆ ಸಾರ್? ಇವು ವಿಡಿಯೋ ಗೇಮು. ಹೊಸ ಮಾಲು, ಇನ್ನೂ ಯಾರೂ ಮುಟ್ಟಿಲ್ಲ."

"ಆಟದ ಸಾಮಾನಿಗೆ ಬೂದಿ ಯಾಕ್ರೀ ತುಂಬಿದ್ದೀರಿ?"

ಭಾವನಿಗೂ ಅದು ಆಗಲೇ ಗೊತ್ತಾದದ್ದು. "ಅವ್ವಾ!" ಎಂದು ಕೂಗಿದರು.

"ಹುಳ ಬೀಳ್ದಂಗೆ ಮಡಗು ಅಂದೆಯಲ್ಲಾ," ಎಂದರು ಜಯಲಕ್ಷ್ಮಮ್ಮನವರು. "ಒಂದಕ್ಕಾದ್ರೂ ಹುಳ ಬಿದ್ದಿದ್ರೆ ತೋರ್ಸು."

ಸಾಹೇಬರ ಅನುಮಾನ ಹೆಚ್ಚಿತು. "ಇದ್ರೊಳಗೆ ಬೇರೆ ಏನೋ ಇದೆ. ಒಂದನ್ನ ಹಾಕಿ ಆಡಿ ತೋರಿಸಿ. ಆಡಿದ್ರೆ ಆಟ, ಇಲ್ಲಾಂದ್ರೆ ಕೇಸು."

ಅರ್ಪಿತ ಕಣ್ಣೊರೆಸಿಕೊಂಡು ಎದ್ದು ಬಂದಳು. ಗುಡಾಣದೊಳಕ್ಕೆ ಭುಜದವರೆಗೆ ಕೈ ಬಿಟ್ಟು, ತಳ ತಡಕಿ, ಒಂದು ಡಬ್ಬಿಯನ್ನು ಎಳೆದು ತೆಗೆದಳು. "ಸಾರ್, ಇದ್ನೇ ಹಾಕ್ಸಿ. ಇದು ಎಲ್ಲಕ್ಕಿಂತ ಹಳೇದು."

"ಆಗಲ್ಲ ಸಾರ್!" ಎಂದು ಭಾವ ಅಡ್ಡ ಬಂದರು. "ಕುಳ್ಳ ಇನ್ನೂ ಸೇತುವೆ ದಾಟಿಲ್ಲ!"

"ಯಾರ್ರೀ ಅವ್ನು ಕುಳ್ಳ? ನಿಮ್ ಪಾರ್ಟ್‌ನರಾ?"

"ಅಲ್ಲ ಸಾರ್, ಅವ್ನು ಕೊಡಲಿ ಹಿಡ್ಕೊಂಡು..."

"ಕೊಡಲೀನಾ! ಈಗೆಲ್ಲಿದ್ದಾನೆ?"

"ಸೇತುವೆ ಮೇಲೆ ಸಾರ್. ಅಲ್ಲೇ ಬಿದ್ದು ಸಾಯ್ತಾನೆ."

"ಸತ್ತೋದ್ನಾ?"

"ದಿನಾ ಸಾಯ್ತಾನೆ ಸಾರ್. ವರ್ಷದ ಮೇಲಾಯ್ತು."

ಸಾಹೇಬರು ಒಂದು ಲೋಟ ನೀರು ತರಿಸಿಕೊಂಡು ಕುಡಿದರು. "ಮೊದ್ಲು ಇದನ್ನ ಹಾಕ್ರೀ," ಎಂದರು. ಸರ್ಕಾರದ ಅಪ್ಪಣೆ ಆಯಿತು, ಭಾವ ಬಾಯಿ ಮುಚ್ಚಿದರು. ಆದರೆ ಕರೆಂಟೆಲ್ಲಿ?

"ಅರೆ, ಅದಕ್ಯಾಕೆ ತಲೆ ಕೆಡಿಸ್ಕೋತೀರಿ?" ಎಂದರು ಜಹೀರುದ್ದೀನ್. "ನಮ್ ಲಾರಿ ಬ್ಯಾಟ್ರಿ ಇಲ್ವಾ? ಕ್ರಿಕೆಟ್ ಮ್ಯಾಚಿಗೆ ಎಷ್ಟ್ ಸಲ ಹಾಕಿಲ್ಲ! ತಗೊಂಡ್ ಬನ್ನಿ ಟಿವಿನ."

ನಮ್ಮ ಟಿವಿಗೆ ಹಿಂದುಗಡೆ ಬ್ಯಾಟರಿ ವೈರು ಸಿಕ್ಕಿಸುವ ಜಾಗವಿತ್ತು. ಟಿವಿ ಬೀದಿಗೆ ಬಂತು. ಲಾರಿಯ ಪಕ್ಕ ಫಕ್ರುನ್ನೀಸಾರ ಟ್ರಂಕಿನ ಮೇಲೆ ಕೂತಿತು. ಜಹೀರುದ್ದೀನ್ ವೈರು ಎಳೆದು ಅದಕ್ಕೂ ಗೇಮಿನ ಸೆಟ್ಟಿಗೂ ಜೋಡಿಸಿದರು. ಇನ್ನುಳಿದದ್ದು ಬೂದಿ. ಭಾವ ಊದಿದರು, ಬರಲಿಲ್ಲ. ನಾನು ಊದಿದೆ. ಅಕ್ಕ ಹಲ್ಲುಜ್ಜುವ ಹಳೆಯ ಬ್ರಷ್ಷು ತಂದು ಕೆರೆದಳು. "ಕೊಡ್ರೀ ಇಲ್ಲಿ," ಎಂದು ಇನ್‌ಸ್ಪೆಕ್ಟರು ಕಸಿದುಕೊಂಡು, ಎದೆ ತುಂಬ ಉಸಿರೆಳೆದು 'ಉಫ್' ಎಂದರು. ಜಯಲಕ್ಷ್ಮಮ್ಮನವರು ಹೆಬ್ಬೆರಳಲ್ಲಿ ಒತ್ತಿದ್ದ ಅಷ್ಟೂ ಬೂದಿ ಅವರ ಮುಖಕ್ಕೂ ಶರಟಿಗೂ ಬಂತು. ನಗಲು ಯಾರಿಗೂ ಧೈರ್ಯವಾಗಲಿಲ್ಲ, ಸೋಮಮ್ಮನನ್ನು ಬಿಟ್ಟು.

ಕ್ಯಾಸೆಟ್ಟು ಹಾಕಿದರು. ಟಿವಿಯ ಮೇಲೆ ನೀರು ಕಾಣಿಸಿತು, ನೀರಿನ ಮೇಲೆ ದೋಣಿ. ಇಡೀ ಬೀದಿ 'ಓ' ಎಂದಿತು.

ಎರಡನೇ ರಿಮೋಟು ಮೊದಲ ಸಲ ಡಬ್ಬಿಯಿಂದ ಹೊರಬಂತು. ಹುಡುಗಿಯರು ಕೈ ಚಾಚಿದರು. ಆದರೆ ಒಂದನ್ನು ಪರೀಕ್ಷೆಗೆಂದು ಇನ್‌ಸ್ಪೆಕ್ಟರು ಹಿಡಿದುಕೊಂಡರು, ಇನ್ನೊಂದನ್ನು ಮಾಲಿನ ಯಜಮಾನರೆಂದು ಭಾವ ಹಿಡಿದುಕೊಂಡರು. ದೋಣಿ ಗಿರಗಿರನೆ ಸುತ್ತತೊಡಗಿತು.

"ಎಡಕ್ಕೆ ಒತ್ರೀ ತಿಮ್ಮರಾಜು!"

"ನಾನು ಒತ್ತುತಾವ್ನಿ ಸಾರ್, ನೀವು ಬುಡಿ!"

"ಸರ್ಕಾರಿ ಕೆಲಸ ಮಾಡೋವಾಗ ಬಿಡು ಅಂತೀರೇನ್ರೀ?"

ದೋಣಿ ಮುಳುಗಿತು. ಮತ್ತೆ ಶುರು ಮಾಡಿದರು, ಮತ್ತೆ ಮುಳುಗಿತು. ಪರೀಕ್ಷೆ ಮುಗಿಯಲೊಲ್ಲದು. "ನಂಗೊಂದ್ಸಲ ಕೊಡಿ" ಎಂದು ಬೀದಿಯ ಗಂಡಸರೆಲ್ಲ ನುಗ್ಗಿದರು. ಫಕ್ರುನ್ನೀಸಾ ಗಂಡನ ಕಡೆ ನೋಡಿ, "ಬ್ಯಾಟ್ರಿ ಮುಗೀತದೆ ರೀ, ಹೊತ್ತೂ ಆಯ್ತು," ಎಂದರು. ಇಬ್ಬರು ಹುಡುಗಿಯರೂ ಲಾರಿಯ ಚಕ್ರಕ್ಕೆ ಒರಗಿ, ಕೈ ಕೈ ಹಿಡಿದುಕೊಂಡು ನಿಂತಿದ್ದರು. ಅವರು ಆಗ ಅಳುತ್ತಲೂ ಇರಲಿಲ್ಲ.

ಜಯಲಕ್ಷ್ಮಮ್ಮನವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಮಗನ ಕೈಯಿಂದ ರಿಮೋಟು ಕಿತ್ತುಕೊಂಡರು. ಇನ್‌ಸ್ಪೆಕ್ಟರ ಮುಂದೆ ಕೈ ಒಡ್ಡಿದರು, ಅವರೂ ಕೊಟ್ಟುಬಿಟ್ಟರು.

"ಅವ್ವಾ, ಕುಳ್ಳ ಇನ್ನೂ..." ಎಂದರು ಭಾವ.

"ಮುಚ್ಕೊಳ್ಲಾ ಬಾಯ! ಬಿತ್ನೆ ಬೀಜ ಯಾಕ್ಲಾ ಮಡಗ್ತೀನಿ ನಾನು? ನೋಡ್ಕೊಂಡು ಕೂರಾಕಾ? ಮಳೆ ಬಿದ್ದ ದಿನ ಗುಡಾಣದ ಬಾಯಿ ಒಡ್ದು ಹೊಲಕ್ಕೆ ತಕ್ಕೊಂಡೋಯ್ತೀನಿ. ಅವತ್ತು ತೆಗೀದೇ ಇದ್ರೆ ಆಮೇಕೆ ಅದ್ನ ಯಾವನಿಗ್ ಬಿತ್ತೀಯ? ಈ ಕೂಸು ಈವತ್ತು ಹೊಂಟೋಯ್ತದೆ ಕಣ್ಲಾ. ನಿನ್ ಮಳೆ ಈವತ್ತೇ ಬಿದ್ದದ್ದು."

ಭಾವ ತಲೆ ತಗ್ಗಿಸಿದರು. ಆಮೇಲೆ ತಾವೇ ಚಾಪೆ ತಂದು ಬೀದಿಯಲ್ಲಿ ಹಾಸಿ, "ಬಾ ಮಗ, ಬಾರವ್ವ ಶಾಜಿಯಾ," ಎಂದು ಇಬ್ಬರನ್ನೂ ಕೂರಿಸಿದರು.

ಅರ್ಪಿತ ಒತ್ತಿದಳು, ಶಾಜಿಯಾ ಒತ್ತಿದಳು. ದೋಣಿ ಒಂದು ಸುತ್ತು ತಿರುಗಿ, ನಿಂತು, ಆಮೇಲೆ ನೆಟ್ಟಗೆ ಮುಂದಕ್ಕೆ ಹೊರಟಿತು. ಹುಡುಗಿಯರಿಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು, ಒಬ್ಬಳ ಭುಜ ಅಲ್ಲಾಡಿದರೆ ಇನ್ನೊಬ್ಬಳಿಗೆ ತಿಳಿಯುತ್ತಿತ್ತು. ಬಂಡೆ ತಪ್ಪಿಸಿದರು, ಮೊಸಳೆ ತಪ್ಪಿಸಿದರು, ಸುಳಿ ದಾಟಿದರು. ಆಚೆ ದಡ ಕಾಣಿಸಿತು. ಅಷ್ಟರಲ್ಲಿ ಬ್ಯಾಟರಿ ಸೋಲತೊಡಗಿತು. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಾ ಬಂದು ಅಂಗೈಯಷ್ಟಾಯಿತು, ದೋಣಿ ಕಡಲೆಕಾಳಿನಷ್ಟಾಯಿತು. ಇಡೀ ಬೀದಿ ಟಿವಿಗೆ ಮೂಗು ಹಚ್ಚಿಕೊಂಡು ನೋಡುತ್ತಿದ್ದಂತೆ ಒಂದು ಬೆಳ್ಳನೆ ಚುಕ್ಕಿ ಉಳಿದು, ಅದೂ ಆರಿಹೋಯಿತು.

"ಮುಟ್ತು!" ಎಂದಳು ಅರ್ಪಿತ.

"ಮುಟ್ತು!" ಎಂದಳು ಶಾಜಿಯಾ.

"ಒಂದು ಗೇಣು ಇತ್ತು ಅನ್ಸುತ್ತೆ," ಎಂದರು ಭಾವ. ಅಕ್ಕ ಅವರನ್ನು ನೋಡಿದ ನೋಟಕ್ಕೆ, "ಮುಟ್ತು ಮುಟ್ತು," ಎಂದು ತಿದ್ದಿಕೊಂಡರು. ಇನ್‌ಸ್ಪೆಕ್ಟರು ಬೂದಿ ಒರೆಸಿಕೊಳ್ಳುತ್ತಾ, ಮಾಲು ಆಟದ್ದೇ ಎಂದೂ ದೋಣಿ ದಡ ಸೇರಿದ್ದನ್ನು ತಾವೇ ಕಂಡಿದ್ದಾಗಿಯೂ ಎಲ್ಲರೆದುರು ಸಾರಿದರು.

ಲಾರಿ ಸ್ಟಾರ್ಟ್ ಆಗಲಿಲ್ಲ, ಆಗುವುದಾದರೂ ಹೇಗೆ? ಬ್ಯಾಟರಿಯೆಲ್ಲ ದೋಣಿಗೆ ಹೋಗಿತ್ತು. ಬೀದಿಯವರೆಲ್ಲ ಹಿಂದೆ ನಿಂತು ತಳ್ಳಿದೆವು. ಇನ್‌ಸ್ಪೆಕ್ಟರು ತಳ್ಳಿದರು, ಸೋಮಮ್ಮ ತಳ್ಳಿದಳು. ಇಳಿಜಾರಿನಲ್ಲಿ ಇಂಜಿನ್ನು ಗುರುಗುಟ್ಟಿ ಹತ್ತಿಕೊಂಡಿತು. ಫಕ್ರುನ್ನೀಸಾ ಅಕ್ಕನನ್ನು ತಬ್ಬಿಕೊಂಡು ಅತ್ತು, ಹತ್ತಿ ಕೂತರು. ಅರ್ಪಿತ ಓಡಿಬಂದು ಎರಡನೇ ರಿಮೋಟನ್ನು ವೈರು ಸಮೇತ ಕಿಟಕಿಯಿಂದ ಶಾಜಿಯಾಳ ಮಡಿಲಿಗೆ ಹಾಕಿದಳು.

"ಇದು ನಿನ್ ತಾವ್ಲೇ ಇರ್ಲಿ. ನೀನು ಬಂದಾಗ ತಕ್ಕೊಂಡು ಬಾ."

ನಾನು ಭಾವನ ಮುಖ ನೋಡಿದೆ. ಸೆಟ್ಟು ಒಡೆದು ಅರ್ಧ ಕೊಟ್ಟದ್ದಕ್ಕೆ ಏನನ್ನುತ್ತಾರೋ ಎಂದುಕೊಂಡೆ. ಅವರು ಲಾರಿ ತಿರುವು ದಾಟುವವರೆಗೆ ಕೈ ಬೀಸುತ್ತಾ ನಿಂತಿದ್ದರು. ಆಮೇಲೆ ಒಳಗೆ ಹೋಗಿ ಗುಡಾಣದ ಮುಂದೆ ಬಹಳ ಹೊತ್ತು ಕೂತರು.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ ನಾನೂ ಭಾವನೂ ಮೈಸೂರಿಗೆ ಹೋಗಿದ್ದೆವು. ಕಾಲು ತಾನಾಗಿ ಆ ಅಂಗಡಿಯ ಮುಂದೆ ನಿಂತಿತು. ಅಂಗಡಿಯವನು ಒಂದು ಡಬ್ಬಿ ತೆಗೆದು ಎದುರಿಗಿಟ್ಟ.

"ಹೊಸದು ಸಾರ್. ಇದೇ ಕೊನೇ ಪೀಸು."

ಭಾವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂಸಿಯೂ ನೋಡಿದರು. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಆದರೆ ಅವರು ಅದನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದರು.

"ಬೇಡ ಬುಡಪ್ಪ. ಇನ್ನೊಂದು ರಿಮೋಟು ನಾಗಮಂಗಲದಲ್ಲಿ ಅದೆ."

ಅಂಗಡಿಯವನಿಗೆ ತಲೆ ಬುಡ ತಿಳಿಯಲಿಲ್ಲ. ನಾವು ಬಸ್ಸು ಹತ್ತಿದೆವು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಭಾವ ಕಿಟಕಿಯಿಂದ ಕೈ ಮುಗಿದರು. ಪಾಂಡವಪುರ ಬಂತು. ನಾನು ಚೀಲ ತೆಗೆದುಕೊಂಡು ಎದ್ದೆ. ಭಾವ ಏಳಲಿಲ್ಲ.

"ಏಳಿ ಭಾವ, ಊರು ಬಂತು."

"ಕೂತ್ಕೊಳ್ಲಾ," ಎಂದು ನನ್ನ ಕೈ ಹಿಡಿದು ಎಳೆದು ಕೂರಿಸಿ, ಕಂಡಕ್ಟರನ ಕಡೆ ತಿರುಗಿದರು. "ನಾಗಮಂಗಲಕ್ಕೆ ಎರಡು ಕೊಡಪ್ಪ. ಬರೋವಾಗ ಮೂರಾಗ್ತೀವಿ."